ಜೋಳದ ಚೀಲ ಕೂರಿಸಿ ನೋಡಿದ ಗಾಡಿ

ನನಗೆ ಐವತ್ತೆರಡು ವರ್ಷ. ಈ ವಯಸ್ಸಿನಲ್ಲಿ ಗಂಡಸರು ಕಾರು ನೋಡುತ್ತಾರೆ, ನಾನು ಬೈಕು ನೋಡುತ್ತಿದ್ದೆ. ಅದೂ ಸಾದಾ ಬೈಕಲ್ಲ. ಕಲ್ಲು, ಹಳ್ಳ, ಉಸುಕು ಏನಿದ್ದರೂ ಏರಿ ಹೋಗುವ, ನಾಲ್ಕುನೂರು ಸಿಸಿ ಆಸುಪಾಸಿನ ಅಡ್ವೆಂಚರ್ ಬೈಕು. ಕುಷ್ಟಗಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರನಿಗೆ ಯಾವ ಹಳ್ಳ ದಾಟುವುದಿದೆ ಎಂದು ಯಾರಾದರೂ ಕೇಳಿದರೆ ಸಿಟ್ಟು ಬರುತ್ತಿತ್ತು. ನನ್ನ ಹತ್ತಿರ ಉತ್ತರ ಇರಲಿಲ್ಲ, ಅದಕ್ಕೇ ಸಿಟ್ಟು.

ಇದೇ ಹುಚ್ಚಿನ ಗೆಳೆಯರು ಇನ್ನಿಬ್ಬರಿದ್ದರು. ಒಬ್ಬ ಊರಲ್ಲೇ ಡ್ರಿಪ್ ಪೈಪಿನ ಅಂಗಡಿ ಇಟ್ಟವನು, ಇನ್ನೊಬ್ಬ ಹನುಮಸಾಗರದ ಹತ್ತಿರ ದಾಳಿಂಬೆ ತೋಟ ಮಾಡಿದವನು. ಸಂಜೆ ಅಂಗಡಿಯ ಪೈಪಿನ ಸುರುಳಿಗಳ ಮೇಲೆ ಕುಳಿತು ಇಂಜಿನ್ನು ನೆಲದಿಂದ ಎಷ್ಟು ಎತ್ತರ, ಮುಂದಿನ ಗಾಲಿ ಎಷ್ಟು ದೊಡ್ಡದು, ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲು ಹಿಡಿಯುತ್ತದೆ ಎಂದು ತಿಂಗಳುಗಟ್ಟಲೆ ಮಾತಾಡಿದೆವು. ಹೆಣ್ಣು ನೋಡಲು ಹೋದಾಗಲೂ ನಾವು ಇಷ್ಟು ವಿಚಾರಿಸಿರಲಿಲ್ಲ. ಕೊನೆಗೆ ತೋಟದವನು ತಡೆಯಲಾರದೆ ಕೊಪ್ಪಳಕ್ಕೆ ಹೋಗಿ ತಂದೇಬಿಟ್ಟ. ನೀವೂ ಸರದಿಯ ಮೇಲೆ ಓಡಿಸಿ ನೋಡಿ ನಿರ್ಧಾರ ಮಾಡಿ ಎಂದು ನಮಗೆ ಧಾರಾಳವಾಗಿ ಬಿಟ್ಟುಕೊಟ್ಟ.

ನನಗೆ ಇದ್ದದ್ದು ಒಂದೇ ಚಿಂತೆ, ಅದು ಹೆಂಡತಿಯದು. ಮದುವೆಯಾದಾಗಿನಿಂದ ಭಾನುವಾರವೆಂದರೆ ನಾವಿಬ್ಬರೂ ಬೈಕಿನ ಮೇಲೆ ಹೊರಡುವ ದಿನ. ಕೆಲಸವಿರಲಿ ಬಿಡಲಿ, ಯಲಬುರ್ಗಾದ ಕಡೆಗೋ ಗಂಗಾವತಿಯ ಕಡೆಗೋ ಒಂದು ಸುತ್ತು ಆಗಲೇಬೇಕು. ಆಕೆ ಸೀರೆಯುಟ್ಟು ಎರಡೂ ಕಾಲು ಒಂದೇ ಕಡೆ ಇಳಿಬಿಟ್ಟು ಕೂತು, ಬಲಗೈಯನ್ನು ನನ್ನ ಹೆಗಲ ಮೇಲಿಡುತ್ತಾಳೆ. ಮನೆಯಲ್ಲಿ ವಾರವಿಡೀ ಆಡದ ಮಾತುಗಳೆಲ್ಲ ಆ ದಾರಿಯಲ್ಲಿ ಬರುತ್ತವೆ. ಆ ಭಾನುವಾರ ತಪ್ಪುವುದಾದರೆ ನನಗೆ ಯಾವ ಗಾಡಿಯೂ ಬೇಡವಾಗಿತ್ತು. ಈ ಹೊಸದರ ಹಿಂದಿನ ಸೀಟು ಮಾತ್ರ ನನ್ನ ಸೊಂಟಕ್ಕೆ ಬರುತ್ತಿತ್ತು.

ಆಕೆಗೆ ಹೊಂದುತ್ತದೆಯೇ ಎಂದು ಆಕೆಯನ್ನೇ ಕೇಳಬಹುದಿತ್ತು. ನಾವು ಕೇಳಲಿಲ್ಲ. ಹಿಂದೆ ತೂಕ ಹೇರಿ ಪರೀಕ್ಷೆ ಮಾಡೋಣ ಎಂದು ಅಂಗಡಿಯವನು ಸೂಚಿಸಿದ. ಹೆಂಡತಿಯ ತೂಕ ಎಷ್ಟೆಂದು ವಿಚಾರಿಸುವ ಧೈರ್ಯ ನನಗಿರಲಿಲ್ಲವಾದ್ದರಿಂದ, ಅಂದಾಜಿನ ಮೇಲೆ ಒಂದು ಚೀಲಕ್ಕೆ ಜೋಳ ತುಂಬಿದೆವು. ಇಬ್ಬರೂ ಸೇರಿ ಅದನ್ನು ಎತ್ತಿ ಸೀಟಿನ ಮೇಲಿಟ್ಟು ಹಗ್ಗದಿಂದ ಬಿಗಿದೆವು. ಇರಕಲ್ಲಗಡದ ಆಚೆ ಗುಡ್ಡದ ದಾರಿಯಲ್ಲಿ ನಾನು ಓಡಿಸಿದೆ, ಅವನು ತನ್ನ ಹಳೆಯ ಬೈಕಿನಲ್ಲಿ ಹಿಂದೆ ಬಂದ. ಗಾಡಿ ತಗ್ಗಿಗೆ ಇಳಿಯಿತು, ಬಂಡೆ ಏರಿತು, ಚೀಲ ಕದಲಲಿಲ್ಲ. ಒಂದು ಕಾಳೂ ಚೆಲ್ಲಿಲ್ಲವೆಂದು ಅವನು ಬಗ್ಗಿ ನೆಲ ನೋಡಿ ಸಾರಿದ. ಮನೆಗೆ ಬಂದು ಇದನ್ನೆಲ್ಲ ಹೆಮ್ಮೆಯಿಂದ ವರ್ಣಿಸಿದಾಗ ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನನ್ನು ಒಮ್ಮೆ ನೋಡಿದಳು, ಮತ್ತೆ ಬಡಿಯತೊಡಗಿದಳು.

ಮುಂದಿನ ಭಾನುವಾರ ಗಾಡಿಯನ್ನು ಮನೆಯ ಮುಂದಿನ ಕಟ್ಟೆಗೆ ತಾಗಿಸಿ ನಿಲ್ಲಿಸಿದೆ. ಆಕೆ ಕಟ್ಟೆಯ ಮೇಲೆ ನಿಂತು, ಅಲ್ಲಿಂದ ಸಲೀಸಾಗಿ ಸೀಟಿನ ಮೇಲೆ ಕೂತಳು. ಸುಮ್ಮನೆ ಹೆದರಿದ್ದೆನಲ್ಲ ಎಂದು ಮನಸ್ಸು ಹಗುರಾಯಿತು. ಹನುಮಸಾಗರದ ರಸ್ತೆಯಲ್ಲಿ ಗಾಡಿ ಎಷ್ಟು ಚೆನ್ನಾಗಿ ಹೋಯಿತೆಂದರೆ ನಾನು ಒಬ್ಬನೇ ನಗುತ್ತಿದ್ದೆ. ನಡುವೆ ಚಹಾದಂಗಡಿಯ ಮುಂದೆ ನಿಲ್ಲಿಸಿದೆ. ಆಕೆ ಇಳಿಯಲಿಲ್ಲ, ಚಹಾ ಬೇಡ ಎಂದಳು. ಚಹಾ ಬೇಡವೆನ್ನುವ ಹೆಂಗಸಲ್ಲ ಆಕೆ. ನಾನೂ ಗಾಡಿಯ ಮೇಲೆ ಕೂತಲ್ಲೇ ಕುಡಿದೆ.

ತೋಟದ ಗೇಟಿನ ಹತ್ತಿರ ಗೆಳೆಯನ ಹೆಂಡತಿ ಎದುರು ಬಂದು ಒಳಗೆ ಬನ್ನಿ ಎಂದು ಕೈ ಹಿಡಿದು ಕರೆದರು. ತಡವಾಗುತ್ತದೆ, ಇನ್ನೊಮ್ಮೆ ಬರುತ್ತೇನೆ ಎಂದು ಈಕೆ ಕೂತಲ್ಲಿಂದಲೇ ಹೇಳಿದಳು. ಅವರು ಕುಂಕುಮದ ಬಟ್ಟಲನ್ನು ಗೇಟಿಗೇ ತಂದರು. ಈಕೆ ಮೇಲಿನಿಂದ ಬಗ್ಗಿ ಹಣೆಯೊಡ್ಡಿದಳು, ಅವರು ಕೊಟ್ಟ ದಾಳಿಂಬೆಗಳನ್ನು ಉಡಿಯಲ್ಲಿ ಹಾಕಿಸಿಕೊಂಡಳು. ಅವರ ಮುಖ ಸ್ವಲ್ಪ ಸಣ್ಣದಾಗಿತ್ತು. ನಾನಾದರೋ ಗೆಳೆಯನಿಗೆ ಜಂಬದಿಂದ ಹೇಳುತ್ತಿದ್ದೆ:

"ಗಾಡಿ ಎಷ್ಟು ಹಿಡಿಸೇತಿ ನೋಡಪಾ, ಇಳಿಯಾಕ ತಯಾರಿಲ್ಲ ಆಕಿ."

ಮನೆಗೆ ಬಂದಾಗ ಕಟ್ಟೆಯ ಹತ್ತಿರಕ್ಕೇ ತರಬೇಕೆಂದು ಎರಡು ಸಲ ಹೇಳಿ, ಗಾಡಿ ಹಿಂದೆ ಮುಂದೆ ಮಾಡಿಸಿದಳು. ಕಟ್ಟೆಯ ಮೇಲೆ ಕಾಲಿಟ್ಟವಳಿಗೆ ನಿಲ್ಲಲು ಆಗಲಿಲ್ಲ. ಅಲ್ಲೇ ಕುಸಿದು ಕೂತಳು, ದಾಳಿಂಬೆಗಳು ಅಂಗಳಕ್ಕೆ ಉರುಳಿದವು. ಕಾಲು ಜೋಮು ಹಿಡಿದಿತ್ತು. ಅರ್ಧ ದಿನ ಒಂದೇ ಭಂಗಿಯಲ್ಲಿ ಕೂತಿದ್ದಳು. ಯಾಕೆ ಎಲ್ಲೂ ಇಳಿಯಲಿಲ್ಲ ಎಂದು ಕೇಳಿದೆ.

"ಇಳದ್ರ ಮತ್ತ ಏರಾಕ ಅಲ್ಲಿ ಕಟ್ಟಿ ಎಲ್ಲಿತ್ರಿ?" ಎಂದಳು ಕಾಲು ತಿಕ್ಕಿಕೊಳ್ಳುತ್ತ. "ಚೀಲಾನ ನೀವಿಬ್ರು ಎತ್ತಿ ಇಟ್ರಿ. ಮಂದಿ ಮುಂದ ನನ್ನೂ ಹಂಗ ಎತ್ತಿ ಇಡವ್ರಿದ್ರೇನು?"

ಮೊದಲೇ ಹೇಳುವುದಕ್ಕೆ ಏನಾಗಿತ್ತು ಎಂದು ರೇಗಿದೆ. ತಪ್ಪು ನನ್ನದಾದಾಗ ನಾನೇ ಮೊದಲು ರೇಗುತ್ತೇನೆ, ಅದು ನನ್ನ ಹಳೆಯ ಚಾಳಿ. ಆಕೆ ಕಾಲು ನೀಡಿಕೊಂಡು ಅಂದಳು:

"ಗಾಡಿ ಕನ್ನಡ್ಯಾಗ ನಿಮ್ಮ ಮುಖಾ ಕಾಣ್ತಿತ್ರಿ. ಭಾಳ ದಿನಾ ಆಗಿತ್ತು, ನೀವು ಹಂಗ ನಕ್ಕಿದ್ದು ನೋಡಿ."

ಗಾಡಿ ತೆಗೆದುಕೊಳ್ಳಿ, ನಾನು ಬೇಕಾದಲ್ಲಿಗೆ ಬಸ್ಸಿಗೆ ಬರುತ್ತೇನೆ ಎಂದೂ ಅಂದಳು. ಆ ಮಾತಿನಲ್ಲಿ ಚುಚ್ಚು ಇರಲಿಲ್ಲ, ಅದಕ್ಕೇ ನನಗೆ ಹೆಚ್ಚು ನಾಚಿಕೆಯಾಯಿತು. ಅಂಗಳದಲ್ಲಿ ಬಿದ್ದ ಹಣ್ಣುಗಳನ್ನು ಆರಿಸಿದೆ.

ಮರುದಿನ ಗಾಡಿ ವಾಪಸು ಕೊಟ್ಟೆ. ಆಸೆ ಹೋಗಿದೆ ಎಂದರೆ ಸುಳ್ಳಾಗುತ್ತದೆ. ಅಂಥ ಗಾಡಿಯ ಸಪ್ಪಳ ಕೇಳಿದರೆ ಈಗಲೂ ಪಾಠ ಬಿಟ್ಟು ಕಿಟಕಿಯ ಕಡೆ ನೋಡುತ್ತೇನೆ. ಅಂಗಡಿಯವನು ಇನ್ನೂ ಯೋಚಿಸುತ್ತಿದ್ದಾನೆ. ಚೀಲ ತುಂಬುವ ಮೊದಲು ಮನೆಯಲ್ಲಿ ಕೇಳು ಎಂದು ಹೇಳಿದ್ದೇನೆ.

ಅದರ ಮುಂದಿನ ಭಾನುವಾರ ನಮ್ಮ ಹಳೆಯ ಬೈಕಿನಲ್ಲೇ ಅದೇ ತೋಟಕ್ಕೆ ಹೋದೆವು. ಗೇಟಿನ ಹತ್ತಿರ ನಾನು ಸ್ಟ್ಯಾಂಡ್ ಹಾಕುವುದರೊಳಗೆ ಆಕೆ ಇಳಿದು, ನೆರಿಗೆ ಸರಿಮಾಡಿಕೊಂಡು, ಹಿಂದೆ ನೋಡದೆ ಒಳಗೆ ಹೋದಳು. ಗೆಳೆಯ ಮನೆಯಲ್ಲಿರಲಿಲ್ಲ, ನಾನು ಗೇಟಿನಲ್ಲೇ ಗಾಡಿಯ ಮೇಲೆ ಕೂತೆ. ಒಂದು ತಾಸಾದರೂ ಆಕೆಯ ಸುಳಿವಿಲ್ಲ. ತಡವಾಯಿತೆಂದು ಕೂಗಬೇಕೆಂದು ಎದ್ದೆ. ಅಷ್ಟರಲ್ಲಿ ಒಳಗಿನಿಂದ ಆಕೆ ನಗುವುದು ಕೇಳಿಸಿತು. ಕೂಗದೆ ಮತ್ತೆ ಗಾಡಿಯ ಮೇಲೆ ಕೂತೆ.