ಒಬ್ಬಳೇ ಹುಡುಗಿಯ ಶಾಲೆಯ ಜವಾನರು

ಅವರ ಬಲ ಅಂಗೈಯಲ್ಲಿ, ಹೆಬ್ಬೆರಳಿನ ಬುಡಕ್ಕೆ, ಹುಣಸೆಬೀಜದಷ್ಟು ದಪ್ಪ ಜಡ್ಡು ಕಟ್ಟಿತ್ತು. ಬಲಗಿವಿ ಅರ್ಧ ಮಂದ. ಎರಡಕ್ಕೂ ಕಾರಣ ಒಂದೇ: ಹೊಳೆನರಸೀಪುರದ ಸರ್ಕಾರಿ ಶಾಲೆಯೊಂದರಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಅವರು ಬಾರಿಸಿದ ಬೆಲ್ಲು. ಮಾತಾಡಿಸಿದರೆ ಎಡಗಿವಿ ಮುಂದೆ ಮಾಡಿ ನಿಲ್ಲುತ್ತಿದ್ದರು. ರಿಟೈರ್ ಆಗಿ ಎಷ್ಟೋ ವರ್ಷವಾಗಿದ್ದರೂ ನಮ್ಮ ಬೀದಿಗೆಲ್ಲ ಅವರು ಜವಾನರೇ. ಎದುರು ಮನೆಯವರಾದ್ದರಿಂದ ನನ್ನ ಮಗಳಿಗೆ ಮಾತ್ರ ತಾತ.

ಮಗಳು ನಾಲ್ಕು ತುಂಬುವಷ್ಟರಲ್ಲೇ ಓದಲು ಕಲಿತುಬಿಟ್ಟಿದ್ದಳು. ಹಾಲಿನ ಪ್ಯಾಕೆಟ್ಟು, ಅರಕಲಗೂಡು ಬಸ್ಸಿನ ಬೋರ್ಡು, ಔಷಧಿ ಚೀಟಿ, ಯಾವುದನ್ನೂ ಬಿಡುತ್ತಿರಲಿಲ್ಲ. ಒಂದನೇ ತರಗತಿಗೆ ಸೇರಿಸಲು ಹೋದರೆ ಆರು ವರ್ಷ ತುಂಬಲು ಒಂದೂವರೆ ತಿಂಗಳು ಕಡಿಮೆ, ಇನ್ನೊಂದು ವರ್ಷ ಯುಕೆಜಿಯಲ್ಲೇ ಇರಲಿ ಅಂದರು. ಕಲಿತದ್ದನ್ನೇ ಮತ್ತೆ ತಿದ್ದುತ್ತಾ ಕೂತರೆ ಇವಳ ಆಸೆಯೇ ಬತ್ತಿಹೋದೀತೆಂದು ನನಗೆ ಹೆದರಿಕೆಯಾಯಿತು. ಹಾಸನದ ಕಾಲೇಜಿನಲ್ಲಿ ಗಣಿತ ಹೇಳುತ್ತಿದ್ದವಳು ಒಂದು ವರ್ಷ ಸಂಬಳವಿಲ್ಲದ ರಜೆ ಹಾಕಿ, ಮನೆಯಲ್ಲೇ ಪಾಠ ಮಾಡುತ್ತೇನೆಂದು ಟೊಂಕ ಕಟ್ಟಿ ನಿಂತೆ.

ತಯಾರಿಯೇನು ಕೇಳಬೇಡಿ. ಆಲೂಗಡ್ಡೆ ಮೂಟೆ ಇಡುತ್ತಿದ್ದ ಕೋಣೆ ಖಾಲಿ ಮಾಡಿಸಿ ಸುಣ್ಣ ಹೊಡೆಸಿದೆ. ಹಾಸನದಿಂದ ಕರಿಹಲಗೆ, ಗ್ಲೋಬು, ಚಾರ್ಟುಗಳು ಬಂದವು. ಮೂರು ಬಣ್ಣದಲ್ಲಿ ಟೈಮ್‌ಟೇಬಲ್ ಬರೆದು ಗೋಡೆಗೆ ಅಂಟಿಸಿದೆ, ದಿನಕ್ಕೆ ಆರು ಪೀರಿಯಡ್. ಓದುವವಳು ಒಬ್ಬಳು, ನಾನು ಮಾತ್ರ ಇಡೀ ತಾಲ್ಲೂಕಿಗೆ ಪರೀಕ್ಷೆ ನಡೆಸುವವಳ ಹಾಗೆ ಓಡಾಡುತ್ತಿದ್ದೆ.

ತಾತ ಒಂದು ಸಂಜೆ ಬಂದು, ಚಪ್ಪಲಿ ಹೊರಗೆ ಬಿಟ್ಟು, ಕೋಣೆಯನ್ನು ಇನ್‌ಸ್ಪೆಕ್ಟರ್ ಗತ್ತಿನಲ್ಲಿ ನೋಡಿದರು. “ಎಲ್ಲಾ ಐತೆ ಮೇಡಮ್ಮೋರೆ. ಬೆಲ್ ಎಲ್ಲಿ?” ಅಂದರು.

ಒಂದು ಮಗುವಿಗೆ ಯಾಕೆ ಬೆಲ್ಲು ಎಂದು ನಕ್ಕೆ. ಅವರು ನಗಲಿಲ್ಲ. ಮಾರನೆಯ ದಿನ ಎಲ್ಲಿಂದಲೋ ಟ್ರ್ಯಾಕ್ಟರ್ ನೇಗಿಲಿನ ಸವೆದ ಡಿಸ್ಕ್ ತಟ್ಟೆಯೊಂದನ್ನು ತಂದು ನಮ್ಮ ಅಂಗಳದ ಸೀಬೆಮರಕ್ಕೆ ತಂತಿಯಲ್ಲಿ ನೇತುಹಾಕಿ, ಬಾರಿಸಲು ಕಬ್ಬಿಣದ ಸರಳೊಂದನ್ನು ಕೊಂಬೆಗೆ ಸಿಕ್ಕಿಸಿ ಹೋದರು. ಅದು ತೂಗಾಡುತ್ತಾ ಇತ್ತು, ನಾನು ಮುಟ್ಟಲಿಲ್ಲ.

ಪಾಠ ಶುರುವಾಗಿ ಒಂದು ತಿಂಗಳಾಗಿರಬಹುದು. ಬೆಳಿಗ್ಗೆ ನನಗಿಂತ ಮೊದಲೇ ಎದ್ದು ಪುಸ್ತಕ ಹಿಡಿಯುತ್ತಿದ್ದ ಮಗಳಿಗೆ ಸರಿಯಾಗಿ ಹತ್ತು ಗಂಟೆಗೆ, ಪಾಠಕ್ಕೆ ಕೂರುವ ಹೊತ್ತಿಗೆ, ಹೊಟ್ಟೆನೋವು ಬರತೊಡಗಿತು. ಡಾಕ್ಟರು ಒತ್ತಿ ನೋಡಿ ಏನೂ ಇಲ್ಲವೆಂದರು. ಯಾವುದು ಬತ್ತಬಾರದೆಂದು ರಜೆ ಹಾಕಿ ಕೂತಿದ್ದೆನೋ ಅದು ನನ್ನ ಕೈಯಲ್ಲೇ ಬತ್ತುತ್ತಿದೆ ಎಂದು ಒಳಗೊಳಗೇ ಕುಸಿದುಹೋದೆ. ತಾತನ ಹತ್ತಿರ ಹೇಳಿಕೊಂಡಾಗ ಎಡಗಿವಿ ಕೊಟ್ಟು ಪೂರ್ತಿ ಕೇಳಿಸಿಕೊಂಡರು.

“ಈ ಒಟ್ಟೆನೋವ ಸರ್ವೀಸೆಲ್ಲಾ ಕಂಡಿವ್ನಿ. ಇದುಕ್ಕೆ ಮಾತ್ರೆ ಇಲ್ಲ. ನಾಳೆಯಿಂದ ಬೆಲ್ ನಾನ್ ಬಾರಿಸ್ತೀನಿ ಬುಡಿ.”

ಮರುದಿನ ಕಳೆಯುವ ಲೆಕ್ಕ ನಡೆಯುತ್ತಿತ್ತು. ಮಗಳು ಅಪರೂಪಕ್ಕೆ ಹುರುಪಿನಲ್ಲಿದ್ದಳು, ಇನ್ನೊಂದು ಲೆಕ್ಕ ಬಾಕಿ. ಅಷ್ಟರಲ್ಲಿ ಅಂಗಳದಲ್ಲಿ ಢಣಢಣ ಶುರುವಾಯಿತು. ಪಾಠಕ್ಕೆ ಕೂತು ಇಪ್ಪತ್ತು ನಿಮಿಷವೂ ಆಗಿರಲಿಲ್ಲ. ಸಿಟ್ಟಿನಿಂದ ಆಚೆ ಬಂದು, ಪೀರಿಯಡ್ ಮುಗಿದಿಲ್ಲ, ಅವಳು ಇನ್ನೂ ಬೇಕು ಅಂತಿದ್ದಾಳೆ ಎಂದು ದಬಾಯಿಸಿದೆ.

“ಅದುಕ್ಕೇ ಬಾರಿಸಿದ್ದು. ಇನ್ನೂ ಬೇಕು ಅಂತಿರುವಾಗ್ಲೇ ಎಬ್ಬುಸ್ಬೇಕು ಕಣವ್ವ. ಸಾಕು ಅಂತ ಎದ್ದೋದ ಮಗ ನಾಳೆ ಬರಾಕಿಲ್ಲ.”

ನನ್ನನ್ನು ಅವರು ‘ಅವ್ವ’ ಅಂದದ್ದು ಅದೇ ಮೊದಲು. ಮಗಳು ಆಗಲೇ ಆಚೆ ಓಡಿ, ಬಿಟ್ಟುಬಂದ ಲೆಕ್ಕವನ್ನು ಇದ್ದಿಲಿನಲ್ಲಿ ಕಾಂಪೌಂಡ್ ಗೋಡೆಯ ಮೇಲೆ ಮಾಡುತ್ತಿದ್ದಳು. ಮರುದಿನ ಒಂಬತ್ತಕ್ಕೇ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಆ ವಾರದಲ್ಲೇ ಟೈಮ್‌ಟೇಬಲ್ ಕಿತ್ತುಹಾಕಿದೆ. ಆಮೇಲೆ ಹೊಟ್ಟೆನೋವಿನ ಸುದ್ದಿಯೇ ಬರಲಿಲ್ಲ.

ತಾತನ ಬೆಲ್ಲಿಗೆ ಗಡಿಯಾರವಿರಲಿಲ್ಲ. ಕಿಟಕಿಯ ಕೆಳಗಿನ ಕಲ್ಲಿನ ಮೇಲೆ ಕೂತು ಅವಳ ದನಿ ಕೇಳಿಸಿಕೊಳ್ಳುತ್ತಿದ್ದರು. ಒಂದೊಂದು ದಿನ ಎರಡು ಗಂಟೆ ಕಾಲ ಕಳೆದರೂ ಬಾರಿಸುತ್ತಿರಲಿಲ್ಲ. ಹೇಗೆ ಗೊತ್ತಾಗುತ್ತದೆ ಎಂದು ಕೇಳಿದ್ದೆ. ಒಳಗಿರುವ ಮೇಷ್ಟರಿಗೆ ಪಾಠ ಕೇಳಿಸುತ್ತದೆ, ಆಚೆ ಕೂತವನಿಗೆ ಮಕ್ಕಳು ಕೇಳಿಸುತ್ತವೆ ಅಂದರು. ಕಾಲೇಜಿನಲ್ಲಿ ಹದಿಮೂರು ವರ್ಷ ಪಾಠ ಹೇಳಿದ ನಾನು ಅವರಿಗೆ ಕಾಫಿ ತರಲು ಒಳಗೆ ಹೋದೆ.

ಕೊನೆಯ ಲಾಂಗ್ ಬೆಲ್ಲಿಗೆ ಒಂದು ಕಾನೂನಿತ್ತು. ಅದಾದ ಮೇಲೆ ಯಾರೂ ನಡೆಯಬಾರದು, ಓಡಬೇಕು. ಬೆಲ್ ಬಿದ್ದದ್ದೇ ಮಗಳು ಬೀದಿ ದಾಟಿ ಓಡಿಹೋಗಿ ಅವರ ಜಗಲಿಯ ಕಂಬ ಮುಟ್ಟಿ ನಿಲ್ಲುವಳು. ತಾತ ಹಿಂದೆಯೇ ನಿಧಾನವಾಗಿ ಹೋಗಿ ಹುರಿಗಡಲೆ ಕೊಡುವರು. ಒಮ್ಮೆ ಅವಳಿಗೆ ಹಳೆಯ ಕಥೆ ಹೇಳುತ್ತಿದ್ದರು: ದೊಡ್ಡವರು ಯಾರಾದರೂ ತೀರಿಕೊಂಡರೆ ಶಾಲೆಯಲ್ಲಿ ಎರಡು ನಿಮಿಷ ಮೌನ, ಆಮೇಲೆ ಲಾಂಗ್ ಬೆಲ್, ರಜೆ.

“ಎಷ್ಟೊಂದು ದೊಡ್ಡೋರ್ಗೆ ಬಾರಿಸಿವ್ನಿ. ಜವಾನ ಸತ್ರೆ ಮಾತ್ರ ಯಾರೂ ರಜ ಕೊಡಾಕಿಲ್ಲ ಕಣ್ ಮಗ,” ಎಂದು ನಕ್ಕರು.

ಅವಳು ಯಾಕೆ ಎಂದು ಕೇಳಿದಳು. ತಾತ ಅಂಗೈಯ ಜಡ್ಡು ಕೆರೆದುಕೊಂಡು, ಅವಳಿಗೆ ಇನ್ನಷ್ಟು ಹುರಿಗಡಲೆ ಕೊಟ್ಟರು.

ಯುಗಾದಿ ಕಳೆದ ವಾರ ಅವರು ರಾತ್ರಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ. ನಮ್ಮ ಶಾಲೆ ಮುಗಿಯಲು ಇನ್ನು ಕೆಲವೇ ದಿನ ಬಾಕಿ ಇತ್ತು. ಎದುರುಮನೆಯ ಮುಂದೆ ಜನ ಸೇರುತ್ತಿದ್ದರು. ಮಗಳಿಗೆ ಸುದ್ದಿ ಹೇಳಿ, ಅವಳ ಮನಸ್ಸು ಬೇರೆಡೆ ಹೋಗಲಿ ಎಂದು ಕೋಣೆಯ ಬಾಗಿಲು ತೆಗೆದೆ. ಅವಳು ಒಳಗೆ ಬಂದು ಕೈಕಟ್ಟಿ ನಿಂತಳು. ಎರಡು ನಿಮಿಷ ಮೌನ ಎಂದು ನನಗೂ ನಿಲ್ಲಲು ಹೇಳಿದಳು. ನಾನೂ ಕೈಕಟ್ಟಿ ನಿಂತೆ.

ಆಮೇಲೆ ಸ್ಟೂಲು ಎಳೆದುಕೊಂಡು ಹೋಗಿ ಸೀಬೆಮರದಡಿ ಇಟ್ಟು ಹತ್ತಿ, ಸರಳನ್ನು ಎರಡೂ ಕೈಯಲ್ಲಿ ಹಿಡಿದು ಲಾಂಗ್ ಬೆಲ್ ಬಾರಿಸಿದಳು. ಎದುರಿನ ಜಗಲಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

“ಇವತ್ತು ನಮ್ ಸ್ಕೂಲಿಗೆ ರಜ ಅಮ್ಮ,” ಅಂದಳು.

ಅವಳೀಗ ಎಲ್ಲರಂತೆ ಶಾಲೆಗೆ ಹೋಗುತ್ತಾಳೆ, ಸಂಜೆ ಬಂದರೆ ಇನ್ನೂ ಬೇಕು ಎನ್ನುತ್ತಾಳೆ. ಅದು ಅವರು ಉಳಿಸಿಕೊಟ್ಟದ್ದು. ಆದರೆ ನನಗೆ ಮತ್ತೆ ಮತ್ತೆ ನೆನಪಾಗುವುದು ಆ ಬೆಳಿಗ್ಗೆಯೇ. ಕಾನೂನು ಕಾನೂನೇ ತಾನೆ. ಸ್ಟೂಲಿನಿಂದ ಇಳಿದವಳೇ ಬೀದಿ ದಾಟಿ, ಜನರ ನಡುವೆ ನುಗ್ಗಿ ಓಡಿಹೋಗಿ, ಜಗಲಿಯ ಕಂಬ ಮುಟ್ಟಿ ನಿಂತಳು.