ಗುನ್‌ಹಿಲ್ಡ್ ಮತ್ತು ನಮ್ಮತ್ತೆಯ ಹೆಸರು

ಅಮೆರಿಕದ ವಾಲ್ನಟ್ ಕ್ರೀಕ್‌ನ ಕ್ಲಿನಿಕ್ಕಿನಲ್ಲಿ ಅವತ್ತಿನ ಕೊನೆಯ ಪೇಷೆಂಟು ನಾರ್ವೆ ಮೂಲದ ಒಬ್ಬ ಅಜ್ಜಿ, ಗುನ್‌ಹಿಲ್ಡ್. ನನಗೋ ನಿಂತಲ್ಲೇ ನಿದ್ದೆ. ಬಿಪಿ ನೋಡುತ್ತಾ ಸುಮ್ಮನೆ ಮಾತಿಗೆ ಅಂತ ಹೆಸರಿನ ಅರ್ಥ ಕೇಳಿದೆ.

"ಗುನ್ ಅಂದರೆ ಯುದ್ಧ. ಹಿಲ್ಡ್ ಅಂದರೂ ಯುದ್ಧವೇ. ನಮ್ಮಪ್ಪನ ಅಮ್ಮನ ಹೆಸರು ಅದು. ಅತ್ತೆ ಮೇಲಿದ್ದ ಸಿಟ್ಟನ್ನೆಲ್ಲ ನಮ್ಮಮ್ಮ ನನ್ನ ಹೆಸರು ಕೂಗಿಯೇ ತೀರಿಸಿಕೊಂಡಳು," ಅಂತ ನಕ್ಕರು.

ನನ್ನ ಮಗಳಿಗೂ ನಮ್ಮತ್ತೆಯ ಹೆಸರೇ, ಪದ್ಮಾವತಿ. ಅತ್ತೆ ಹೆಸರು ಹಿಡಿದು ಬೈಯೋಕಾಗುತ್ತಾ? ಅದಕ್ಕೇ ಹುಟ್ಟಿದಾಗಿನಿಂದ ಪುಟ್ಟಿ ಅಂತಲೇ ಕರೆಯೋದು.

ಮನೆಗೆ ಬಂದರೆ ಬಾಗಿಲಲ್ಲೇ ಅವಳ ಶೂ, ಬ್ಯಾಗು, ಅರ್ಧ ತಿಂದ ಸೇಬು. ಇಡೀ ದಿನದ ಸುಸ್ತನ್ನೆಲ್ಲ ಒಟ್ಟುಗೂಡಿಸಿ, "ಪದ್ಮಾವತೀ!" ಅಂತ ಕಿರುಚಿದೆ.

ಮಗಳು ತಲೆಯನ್ನೂ ಎತ್ತಲಿಲ್ಲ. ಮೈಸೂರಿಂದ ಬಂದಿದ್ದ ಅತ್ತೆ ಸೌಟು ಹಿಡಿದೇ ಓಡಿ ಬಂದು, "ನಾನೇನಮ್ಮಾ ಮಾಡಿದೆ?" ಅಂದರು.