ಹರಿಗೋಲು ತಿರುಗಿದಾಗ

ಕಪಿಲೆಯ ನಡುನೀರಿನಲ್ಲಿ ಹರಿಗೋಲು ಗಿರ್ರನೆ ತಿರುಗತೊಡಗಿತು. ಮೊದಲ ಸಲ ಗಂಡನ ಮನೆಗೆ ಹೊರಟಿದ್ದ ಮಗಳು ನಂಜಮ್ಮಣ್ಣಿಯನ್ನು ನಾನು ಬೇಕೆಂದೇ ಎದುರು ದಡಕ್ಕೆ ಮುಖ ಮಾಡಿಸಿ ಕೂರಿಸಿದ್ದೆ. ನರಸೀಪುರದ ದಡದಲ್ಲಿ ನಿಂತಿದ್ದ ತಾಯಿಯನ್ನು ಕಂಡರೆ ಅತ್ತುಬಿಡುತ್ತಾಳೆ, ಅತ್ತ ಮುಖದಲ್ಲೇ ಬೀಗರ ಮುಂದೆ ಇಳಿಯುತ್ತಾಳೆ ಎಂಬ ಅಂಜಿಕೆ ನನ್ನದು. ತಿರುಗದಂತೆ ತಡೆಯಲು ಹರಿಗೋಲಿನ ಅಂಚನ್ನು ಬಿಗಿಯಾಗಿ ಹಿಡಿದು ಒಂದು ಪಕ್ಕಕ್ಕೆ ವಾಲಿದೆ. ಹರಿಗೋಲೂ ವಾಲಿತು.

“ಬುದ್ಧೀ, ಅಂಚು ಬುಟ್ಬುಡಿ! ತಿರುಗೋದು ಇದ್ರ ಉಟ್ಟುಗುಣ. ತಿರುಗ್ತಾ ತಿರುಗ್ತಾನೇ ದಡ ಸೇರ್ಕತದೆ!” ಎಂದು ಅಂಬಿಗ ಕೂಗಿದ.

ಬಿಟ್ಟೆ. ಹರಿಗೋಲು ಹಗುರಾಗಿ ತಿರುಗಿತು. ಮರಳಿನ ಮೇಲೆ ನಿಂತಿದ್ದ ನನ್ನ ಹೆಂಡತಿ ಕಣ್ಣೆದುರಿಗೇ ಬಂದಳು. “ಅವ್ವಾ!” ಎಂದು ಮಗಳು ಅಳುತ್ತಲೇ ಎರಡೂ ಕೈ ಎತ್ತಿ ಬೀಸಿದಳು. ಸೆರಗಿನಲ್ಲಿ ಜೋಪಾನವಾಗಿ ಕಟ್ಟಿಸಿದ್ದ ತವರಿನ ಮಡಿಲಕ್ಕಿ ಬಿಚ್ಚಿಹೋಗಿ ಹರಿಗೋಲಿನ ತಳದ ಕೊಚ್ಚೆನೀರಿಗೆ ಚೆಲ್ಲಿತು. ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಇನ್ನೊಂದು ಸುತ್ತು, ಮತ್ತೆ ಅವ್ವ! ಅಳುತ್ತಿದ್ದ ಮಗಳು ನಕ್ಕೇಬಿಟ್ಟಳು. ದಡದಲ್ಲಿ ಅವಳವ್ವನೂ ಸೆರಗು ಬೀಸುತ್ತಿದ್ದಳು. ನಾಲ್ಕು ಸಲ ತಿರುಗಿದೆವು, ನಾಲ್ಕು ಸಲವೂ ಕಂಡಳು. ಕೆಂಪು ಕಣ್ಣು, ಕೆಸರು ಸೆರಗು, ಬಾಚಿ ತುಂಬಿದ ಒದ್ದೆ ಅಕ್ಕಿ. ಬೀಗರೆದುರು ಹಾಗೆಯೇ ಇಳಿದೆವು. ನನಗೆ ನಾಚಿಕೆಯಾಗಲಿಲ್ಲ.

ಆ ಬೇಸಿಗೆ ಮುಗಿಯುವ ಮೊದಲೇ ನನ್ನ ಹೆಂಡತಿ ತೀರಿಕೊಂಡಳು. ಮಗಳು ತಾಯಿಯನ್ನು ಕಣ್ತುಂಬ ಕಂಡದ್ದು ಅಂದು ಹರಿಗೋಲಿನಿಂದಲೇ ಕೊನೆ. ಈಗಲೂ ಹೊಳೆ ದಾಟುತ್ತೇನೆ. ಅಂಚು ಹಿಡಿಯುವುದಿಲ್ಲ. ಹರಿಗೋಲು ತಿರುಗಿದಾಗಲೆಲ್ಲ ಕಣ್ಣು ಆ ಮರಳಿನ ಕಡೆಗೇ ಹೋಗುತ್ತದೆ.